ಕೆಂಪು ಗುಲಾಬಿ ಸಿಗಲಿಲ್ಲ ಎಂದೆ

ಸಿಡ್ನಿಗೆ ಬಂದ ಹೊಸತರಲ್ಲಿ ನನಗೆ ಸಿಕ್ಕ ಮೊದಲ ಕೆಲಸ ನಾರ್ವೆಸ್ಟ್‌ನ ಆಫೀಸುಗಳ ನಡುವಿನ ಒಂದು ಹೂವಿನ ಅಂಗಡಿಯದು. ಉಡುಪಿಯಲ್ಲಿ ದಿನಾ ಮಲ್ಲಿಗೆ ಮುಡಿದು ಬೆಳೆದವಳಿಗೆ ಹೂವಿನ ಪಾಠ ಯಾರೂ ಹೇಳಬೇಕಾಗಿಲ್ಲ ಎಂಬ ಜಂಭ ನನ್ನದು. ಅದು ಇಳಿಯಲು ಎರಡು ದಿನ ಸಾಕಾಯಿತು. ಹೆಂಡತಿಯ ಹತ್ತಿರ ಕ್ಷಮೆ ಕೇಳಲು ಹೊರಟವನೊಬ್ಬನಿಗೆ ನಾನು ಹಳದಿ ಗುಲಾಬಿ ಕಟ್ಟಿಕೊಟ್ಟೆ. ಅರಿಶಿನದ ಬಣ್ಣ, ಅದಕ್ಕಿಂತ ಮಂಗಳಕರವಾದದ್ದು ಯಾವುದಿದೆ? ಅಂಗಡಿಯ ಮುದುಕಿ ಬಂದು ಅವನ ಕೈಯಿಂದ ಅದನ್ನು ತೆಗೆದುಕೊಂಡು ಬಿಳಿಯದನ್ನು ಇಟ್ಟಳು. ಹಳದಿ ಸ್ನೇಹಕ್ಕಂತೆ, ಹಳೆಯ ಕಾಲದವರಿಗೆ ಹೊಟ್ಟೆಕಿಚ್ಚಿನ ಗುರುತೂ ಅಂತೆ. ನಸುಗೆಂಪು ಕೃತಜ್ಞತೆಗೆ. ಬಿಳಿ ಕ್ಷಮೆಗೆ, ಮದುವೆಗೆ, ಸಾವಿಗೆ. ಕೆಂಪು ಪ್ರೀತಿಗೆ ಮಾತ್ರ. ಗೋಡೆಯ ಮೇಲೆ ಇದನ್ನೆಲ್ಲ ಬರೆದು ಅಂಟಿಸಿದ್ದಳು. ನಾನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ.

ಪ್ರೇಮಿಗಳ ದಿನ ಆ ಅಂಗಡಿಯಲ್ಲಿ ಉಸಿರಾಡಲು ಜಾಗವಿರುತ್ತಿರಲಿಲ್ಲ. ಮೊದಲ ವರ್ಷ ಅದರ ಮಾರನೆಯ ದಿನ ಮೈಸೂರು ಕಡೆಯ ಒಬ್ಬ ಬಂದು, ಅರ್ಧ ಬೆಲೆಗೆ ಉಳಿದ ಕೆಂಪು ಗುಲಾಬಿ ಇದೆಯೇ ಎಂದು ಕೇಳಿದ. ನಾನು ಫೋನಿನಲ್ಲಿ ಕನ್ನಡ ಮಾತಾಡುವುದು ಅವನ ಕಿವಿಗೆ ಬಿದ್ದು ಪರಿಚಯವಾಯಿತು. ನಮ್ಮ ಟೂಂಗಾಬಿಯಲ್ಲೇ, ಎರಡು ರಸ್ತೆ ಆಚೆ ಅವನ ಮನೆ. ಅಲ್ಲಿಂದ ಮುಂದೆ ವರ್ಷವರ್ಷವೂ ಬಂದು ಕೊಂಡ. ಅಂಚು ಕಪ್ಪಾದ ಆ ಹೂವನ್ನು ಅವನ ಹೆಂಡತಿ ಹೂದಾನಿಗೆ ಹಾಕುತ್ತಿರಲಿಲ್ಲ. ದಂಟು ಕತ್ತರಿಸಿ ಜಡೆಗೆ ಸಿಕ್ಕಿಸಿಕೊಂಡು ನಮ್ಮ ಮನೆಗೆ ಕಾಫಿಗೆ ಬರುತ್ತಿದ್ದಳು. ಒಣಗಿದ ಹೂವಿಗೆ ಇಷ್ಟು ಮೆರೆದಾಟವೇ ಎಂದು ನಾನು ರೇಗಿಸುತ್ತಿದ್ದೆ. ಈ ದೇಶದಲ್ಲಿ ನನಗೆ ಅಕ್ಕತಂಗಿ ಅಂತ ಯಾರಾದರೂ ಇದ್ದರೆ ಅವಳೊಬ್ಬಳೇ.

ಮನೆ ಕೊಳ್ಳಲು ಅವರು ಮೆಲ್ಬರ್ನ್‌ನ ಟಾರ್ನೀಟ್‌ಗೆ ಹೋದರು. ಅಲ್ಲಿಗೆ ಹೋದ ನಾಲ್ಕನೆಯ ವರ್ಷದ ಚಳಿಗಾಲದಲ್ಲಿ, ಒಂದು ಬೆಳಿಗ್ಗೆ ಆಫೀಸಿಗೆ ಹೊರಟ ಅವಳ ಗಂಡ ರೈಲ್ವೆ ಪ್ಲಾಟ್‌ಫಾರ್ಮಿನ ಮೇಲೆ ಕುಸಿದು ಸತ್ತ. ನಲವತ್ತೊಂದು ವಯಸ್ಸು. ನಾನು ಅದೇ ದಿನ ವಿಮಾನ ಹತ್ತಿದೆ. ಹೆಣ ಸುಡಲು ಈ ದೇಶದಲ್ಲಿ ಕಾಗದಪತ್ರ ಮುಗಿಯುವ ತನಕ ಕಾಯಬೇಕು. ಐದು ದಿನ ಅವಳು ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ಅಳಲಿಲ್ಲ. ಬರುವವರೆಲ್ಲ ಬಿಳಿ ಹೂ ತಂದರು, ಅವನ ಆಫೀಸಿನವರೂ, ಪಕ್ಕದ ಮನೆಯವರೂ.

ಐದನೆಯ ದಿನ ಸಂಜೆ ಅವಳು ನನ್ನ ಕೈ ಹಿಡಿದುಕೊಂಡಳು.

"ನಾಳೆ ಸುಡೋಕೆ ಮುಂಚೆ ಎಲ್ರೂ ಇವರ ಬಾಕ್ಸ್ ಮೇಲೆ ವೈಟ್ ರೋಸ್ ಇಡ್ತಾರಂತೆ ಕಣೇ. ನಂಗೆ ಒಂದು ರೆಡ್ ತಂದ್ಕೊಡು. ಒಂದೇ ಸಾಕು."

ಮರುದಿನ ಬೆಳಿಗ್ಗೆ, ಅವಳು ಸ್ನಾನಕ್ಕೆ ಹೋದಾಗ, ನಾನು ಶಾಪಿಂಗ್ ಸೆಂಟರಿಗೆ ನಡೆದು ಹೋದೆ. ಹೂವಿನ ಅಂಗಡಿಯವಳು ಬಕೆಟ್‌ಗಳನ್ನು ಹೊರಗೆ ಜೋಡಿಸುತ್ತಿದ್ದಳು. ಕೆಂಪು ಗುಲಾಬಿಯ ಬಕೆಟ್ಟೇ ಮುಂದಿತ್ತು. ಒಂದನ್ನು ಎತ್ತಿಕೊಂಡೆ. ಚೆನ್ನಾಗಿತ್ತು, ಅಂಚು ಕಪ್ಪಾಗಿರಲಿಲ್ಲ.

ಆಮೇಲೆ ಅದನ್ನು ವಾಪಸ್ ಇಟ್ಟೆ.

ಜನ ಏನೆಂದುಕೊಂಡಾರು ಎಂದು ಹೆದರಿದೆ ಅಂತ ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಊರಿನಲ್ಲಿ ಅವನ ಕಡೆಯವರು ಅಂತ್ಯಕ್ರಿಯೆಯನ್ನು ವಿಡಿಯೋದಲ್ಲಿ ನೋಡುವವರಿದ್ದರಲ್ಲ, ಗಂಡ ಸತ್ತವಳ ಕೈಯಲ್ಲಿ ಕೆಂಪು ಹೂ ಎಂದಾರು ಅಂತ. ಅದು ಸುಳ್ಳು. ಅವರ ನೆನಪೇ ನನಗೆ ಆಗ ಬಂದಿರಲಿಲ್ಲ. ನನಗೆ ನೆನಪಾದದ್ದು ಸಿಡ್ನಿಯಲ್ಲಿದ್ದ ನನ್ನ ಗಂಡ. ಮುತ್ತೈದೆ ತನ್ನ ಕೈಯಾರೆ ಗಂಡ ಸತ್ತವಳಿಗೆ ಕೆಂಪು ಹೂ ಕೊಟ್ಟರೆ ತನ್ನ ಕುಂಕುಮಕ್ಕೇ ಕೇಡು ಎಂದು ಚಿಕ್ಕಂದಿನಲ್ಲಿ ಯಾರೋ ಹೇಳಿದ್ದು ಹೊಟ್ಟೆಯೊಳಗಿನಿಂದ ಎದ್ದು ಬಂತು. ಓದಿದ್ದೇನೆ, ಇಲ್ಲಿ ಕಾಯಂ ನೆಲೆಸಲು ಪಿಆರ್ ಇದೆ, ರಾಹುಕಾಲ ನೋಡುವವರನ್ನು ಕಂಡರೆ ನಗುತ್ತೇನೆ. ಆದರೂ ಬಿಳಿಯದು ಒಂದು ಕಟ್ಟು ತೆಗೆದುಕೊಂಡೆ. ಅದರ ಜೊತೆ ಒಂದು ಹಳದಿ, ಸ್ನೇಹಕ್ಕೆ ಅಂತ. ಎಂಥ ನಾಚಿಕೆಗೇಡು.

ಕೆಂಪು ಸಿಗಲಿಲ್ಲ, ಎಲ್ಲಾ ಮುಗಿದುಹೋಗಿತ್ತು ಎಂದೆ. ಸರಿ ಎಂದಳು. ಹಳದಿಯನ್ನು ಕೈಯಲ್ಲಿ ತಿರುಗಿಸಿ ನೋಡಿ ಮೇಜಿನ ಮೇಲಿಟ್ಟಳು.

ಪಕ್ಕದ ಮನೆಯ ಅಂಕಲ್ ಕಾರು ಓಡಿಸಿದರು. ಹಿಂದಿನ ಸೀಟಿನಲ್ಲಿ ನಾವಿಬ್ಬರು. ಶಾಪಿಂಗ್ ಸೆಂಟರಿನ ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಅವಳ ಕಡೆಯ ಕಿಟಕಿಯ ಆಚೆ ಆ ಅಂಗಡಿ, ಬಾಗಿಲಲ್ಲಿ ತುಂಬಿದ ಕೆಂಪು ಬಕೆಟ್. ಅವಳು ನೋಡಿದಳು. ಅವಳು ನೋಡಿದ್ದನ್ನು ನಾನು ನೋಡಿದೆ. ಇಳಿದು ಓಡಿ ಒಂದು ತರಬಹುದಿತ್ತು, ಅಂಕಲ್ ಬೇಡವೆನ್ನುತ್ತಿರಲಿಲ್ಲ. ಕೂತೇ ಇದ್ದೆ. ಸಿಗ್ನಲ್ ಬಿಟ್ಟಿತು.

ಚಿತಾಗಾರದಲ್ಲಿ ಎಲ್ಲರೂ ಸಾಲಾಗಿ ಬಂದು ಬಿಳಿ ಗುಲಾಬಿ ಇಟ್ಟರು. ಅವಳ ಕೈಗೂ ಯಾರೋ ಒಂದು ಕೊಡಲು ಬಂದರು. ತೆಗೆದುಕೊಳ್ಳಲಿಲ್ಲ. ಬರಿ ಅಂಗೈಯನ್ನು ಪೆಟ್ಟಿಗೆಯ ಮೇಲೆ ಊರಿ, ಅದನ್ನು ಒಳಗೆ ಒಯ್ಯುವ ತನಕ ಹಾಗೇ ನಿಂತಳು.

ಎರಡು ದಿನ ಬಿಟ್ಟು ಹೊರಟೆ. ಸಾವಿನ ಮನೆಯಿಂದ ಹೊರಡುವಾಗ ಹೋಗಿಬರುತ್ತೇನೆ ಎನ್ನಬಾರದು. ಅದನ್ನೂ ಮರೆಯದೆ ಪಾಲಿಸಿದೆ. ಮಾತಿಲ್ಲದೆ ಬ್ಯಾಗ್ ಎತ್ತಿಕೊಂಡು ಬಾಗಿಲು ದಾಟಿದವಳನ್ನು ಅವಳೇ ಹಿಂದಿನಿಂದ ಕರೆದಳು.

"ನಿಮ್ಮನೆಯೋರು ಚೆನ್ನಾಗಿದಾರೆ ತಾನೆ?"

ಹೂಂ ಎಂದೆ.

"ಚೆನ್ನಾಗಿರ್ಲಿ ಬಿಡು."

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಜಗಳವಾಡಿ, ಅತ್ತು, ಮತ್ತೆ ಒಂದಾಗುತ್ತಿದ್ದೆವು. ನಿಜವಾಗಿಯೂ ಹರಸಿದಳು, ಹರಸಿ ಬಾಗಿಲು ಹಾಕಿಕೊಂಡಳು. ನನ್ನ ಗಂಡ ಚೆನ್ನಾಗಿದ್ದಾರೆ. ಅವಳು ನನ್ನ ಫೋನ್ ಎತ್ತಿ ಮೂರು ವರ್ಷವಾಯಿತು.