ಹೂಂ ಅಂದ್ರು ಅಂತ ತಿಳೀರಿ

ಗಡಿ ಮ್ಯಾಗಿನ ನಮ್ಮ ಊರಿನ ಹೆಣ್ಣಮಕ್ಕಳ ಬಚತ ಗಟಕ್ಕ, ಅಂದ್ರ ಉಳತಾಯದ ಗುಂಪಿಗೆ, ನಾನ ಅಧ್ಯಕ್ಷಿ. ತಾಲೂಕಿನಿಂದ ಬಂದ ಮ್ಯಾಡಮ್ಮೋರು ನಮಗ ಮರಾಠಿಯೊಳಗ ಒಂದು ಆಟ ಕಲಿಸಿದ್ರು. ಹತ್ತ ವರ್ಷಕ್ಕ ಊರು ಹೆಂಗಾದೀತು ಅಂತ ಎರಡ ಮೂರ ನಮೂನಿ ಕತಿ ಕಟ್ಟೂದು, ಯಾವ ಕತಿ ಬೇಕೋ ಅದರ ದಾರಿ ಇವತ್ತ ಹಿಡಿಯೂದು. ಎಲ್ಲಾ ಕತಿನೂ ‘ಸಮಜಾ’ ಅಂತ ಸುರು. ನಾ ಅದನ್ನ ಕನ್ನಡದಾಗ ‘ಹಿಂಗಾತು ಅಂತ ತಿಳೀರಿ’ ಅಂದೆ. ಗದ್ದಲ ಆಗಿದ್ದ ಅಲ್ಲೇ ನೋಡ್ರಿ.

ಆಗ ನಮ್ಮ ಮನ್ಯಾಗ ಮಗಳ ಲಗ್ನದ ಮಾತು ನಡದಿತ್ತು. ಬಾರಾವಿ, ಅಂದ್ರ ಹನ್ನೆರಡನೇ ತರಗತಿ ಪರೀಕ್ಷಾ ಚಲೋತ್ನಾಗೆ ಪಾಸಾದಾಕಿ, ಮಿರಜಿಗೆ ಹೋಗಿ ನರ್ಸಿಂಗ್ ಕಲೀತೇನಿ ಅಂತ ಅಳತಿದ್ಲು. ನಮ್ಮ ಯಜಮಾನ್ರು ಬಿಳೂರಾಗ ವರ ನೋಡಿ ಬಂದಿದ್ರು. ಅವರ ಮುಂದ ಬಾಯಿ ಬಿಡಾಕ ನನಗ ಧೈರ್ಯ ಇರಲಿಲ್ಲ, ಸಿಟ್ಟು ಮಾತ್ರ ಹೊಟ್ಟಿತುಂಬ ಇತ್ತು. ಅದಕ್ಕ ಮೀಟಿಂಗಿನ್ಯಾಗ ಮಗಳನ್ನ ಕತಿ ಮಾಡಿದೆ.

ಮೊದಲನೇ ಕತ್ಯಾಗ ಅಕಿ ಲಗ್ನಾಗಿ ಹೋದ್ಲು, ಊರಾಗ ಬಾಣಂತಿಗೆ ಜ್ವರ ಬಂದ್ರ ಜತ್ತಿನ ದವಾಖಾನಿಗೆ ಓಡೂದು ತಪ್ಪಲಿಲ್ಲ. ಎರಡನೇದ್ರಾಗ, “ನನ್ನ ಮಗಳಿಗೆ ಮಿರಜಿನ್ಯಾಗ ಸೀಟ್ ಸಿಕ್ತು, ಅವರಪ್ಪ ಹೂಂ ಅಂದ್ರು ಅಂತ ತಿಳೀರಿ,” ಅಂದೆ. ಅಷ್ಟರಾಗ ನಮ್ಮತ್ತಿ ಬಾಗಲದಾಗ ಬಂದು ನಿಂತಿದ್ರು. ಕೇಳಿದವ್ರ ಗಕ್ಕನ ತಿರಗಿ ಹೋದ್ರು.

ಮೀಟಿಂಗ್ ಮುಗಿಸಿ ಹೊರಗ ಬಂದ್ರ ಅತ್ತಿ ‘ಮಗ ಹೂಂ ಅಂದಾನ, ಮೊಮ್ಮಗಳು ಮಿರಜಿಗೆ ಹೊಂಟಾಳ’ ಅಂತ ಓಣಿಗೆಲ್ಲಾ ಸಕ್ರಿ ಹಂಚಾಕತ್ತಾರ! ಅಯ್ಯ ಶಿವನ! ಬಳಿ ಅಂಗಡಿ ಮಾಮಾ ‘ಮುಬಾರಕ್’ ಅಂದ್ರು. ಬುದ್ಧವಿಹಾರದ ಹತ್ರ ಇರೂ ಅಕ್ಕ, “ನಮ್ಮ ಹುಡಗಿನೂ ಕಳಸ್ತೇವ ತಂಗಿ, ಜೋಡಿ ಆದೀತು,” ಅಂದ್ಲು.

ಯಜಮಾನ್ರು ಮಾಡಗ್ಯಾಳಕ್ಕ ಕುರಿ ನೋಡಾಕ ಹೋಗಿದ್ರು. ಬರೂ ದಾರ್ಯಾಗ ಮಂದಿ, “ಅಪ್ಪ ಅಂದ್ರ ಹಿಂಗಿರಬೇಕು,” ಅಂತ ಕೈ ಹಿಡದ ಬಿಡಲಿಲ್ಲಂತ. ಮಾರಿ ಕೆಂಪ ಮಾಡ್ಕೊಂಡು ಬಂದ್ರು. ಕೈಯಾಗ ಯಾರೋ ಕೊಟ್ಟ ಪೇಡೆ.

“ನಾ ಯಾವಾಗ ಹೂಂ ಅಂದೆ?”

“ಬರೇ ತಿಳೀರಿ ಅಂದಿದ್ದೆರಿ. ಅತ್ತಿ ಖರೇ ಅಂತ...”

ಅತ್ತಿ ಎಲಿ ಅಡಿಕಿ ಜಗಿಯೂದು ನಿಲ್ಲಿಸಿದ್ರು. “ತಿಳೀರಿ ಅಂದ್ರೂ ಸಮಜಾ ಅಂದ್ರೂ ಏನು ಅಂತ ನನಗ ಗೊತ್ತಿಲ್ಲೇನ? ಈ ಊರಾಗ ಮರಾಠಿ ಬರದಾವ್ರು ಯಾರದಾರ? ನಾ ತಿಳಕೊಂಡೇನಿ, ಊರು ತಿಳಕೊಂಡೈತಿ. ನೀ ಒಬ್ಬಾವ ಉಳದಿ. ನೀನೂ ತಿಳಕೋ.”

ಯಜಮಾನ್ರು ಮಗಳನ್ನ ಕರದು ಪೇಡೆ ಅಕಿ ಕೈಯಾಗ ಇಟ್ರು.

“ಮಿರಜಿಗೆ ಮುಂಜಾನಿ ಮೊದಲ ಬಸ್ಸು ಎಷ್ಟಕ್ಕ ಐತವಾ?”