ಹೇಳದೇ ಬಂದ ಹನ್ನೆರಡು ವಾಕ್ಯಗಳು

ಮೊನ್ನೆ ಮಾರ್ಚಿನಲ್ಲಿ ನಮ್ಮ ಆಫೀಸಿನ ಫಿಕಾಕ್ಕೆ, ಅಂದರೆ ಮಧ್ಯಾಹ್ನ ಮೂರು ಗಂಟೆಯ ಕಾಫಿಗೆ, ಸಹೋದ್ಯೋಗಿಯೊಬ್ಬಳು ಮನೆಯಲ್ಲೇ ಮಾಡಿದ ಬ್ರೆಡ್ ತಂದಿದ್ದಳು. ದುಂಡಗಿತ್ತು, ಮೇಲೆ ಚಾಕುವಿನಿಂದ ಅಡ್ಡಕ್ಕೂ ಉದ್ದಕ್ಕೂ ಗೀರಿದ ಎರಡು ಗೆರೆ. ಸುತ್ತಿದ್ದ ಬಟ್ಟೆ ಬಿಚ್ಚಿದ ಕೂಡಲೇ ಹುಳಿ ಮಜ್ಜಿಗೆಯೂ ಅಡಿಗೆ ಸೋಡಾವೂ ಸೇರಿ ಬೆಂದ ವಾಸನೆ ಮೂಗಿಗೆ ಬಡಿಯಿತು.

“ಸೋಡಾ ಬ್ರೆಡ್” ಎಂದುಬಿಟ್ಟೆ.

“ಅರೆ, ನಿನಗೆ ಹೇಗೆ ಗೊತ್ತು?” ಎಂದು ಅವಳು ಕಣ್ಣರಳಿಸಿದಳು.

“ಎಲ್ಲೋ ಇಂಟರ್ನೆಟ್ಟಿನಲ್ಲಿ ನೋಡಿದ್ದೆ” ಎಂದೆ. ಇಷ್ಟು ವರ್ಷಗಳಾದ ಮೇಲೂ ನಾಲಗೆಗೆ ಮೊದಲು ಬಂದದ್ದು ಸುಳ್ಳೇ. ಒಂದು ತುಂಡು ಬಾಯಿಗಿಟ್ಟುಕೊಂಡೆ.

ಆ ಬ್ರೆಡ್ಡನ್ನು ನನಗೆ ಮೊದಲು ತಿನ್ನಿಸಿದವರು ನನ್ನ ಇಂಗ್ಲಿಷ್ ಟೀಚರು. ಎಪ್ಪತ್ತು ದಾಟಿದ ಐರ್ಲೆಂಡಿನ ಹೆಂಗಸು, ಸ್ವೀಡನ್ನಿನವರನ್ನು ಮದುವೆಯಾಗಿ ಬಂದು ಐವತ್ತು ವರ್ಷ ಇಲ್ಲೇ ಇದ್ದವರು. ಇಲ್ಲಿ ಚಿಕ್ಕಮಕ್ಕಳು ಕೂಡ ಟೀಚರನ್ನು ಹೆಸರು ಹಿಡಿದು ಕರೆಯುತ್ತಾರೆ. ಅವರೂ ಹಾಗೆಯೇ ಕರೆ ಎಂದು ಎಷ್ಟೋ ಸಲ ಹೇಳಿದರು. ನನ್ನ ಬಾಯಿಗೆ ಬರಲಿಲ್ಲ, ಕೊನೆಯತನಕ ಟೀಚರ್ ಎಂದೇ ಕರೆದೆ.

ನಾವು ಸ್ವೀಡನ್ನಿನ ಸುಂಡ್‌ಬೀಬರ್ಯ್‌ಗೆ ಬಂದಾಗ ಮಗಳಿಗೆ ಎರಡು ವರ್ಷ. ಗಂಡ ಐಟಿ ಕೆಲಸದ ಮೇಲೆ ಬಂದಿದ್ದರು, ನಾನು ಅವರ ಜೊತೆಗೆ. ಹಿರಿಯೂರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದವಳು ನಾನು. ಡಿಗ್ರಿಯಲ್ಲಿ ಇಂಗ್ಲಿಷ್ ಪೇಪರನ್ನು ಗೈಡ್ ಉರುಹೊಡೆದು ಪಾಸು ಮಾಡಿಕೊಂಡಿದ್ದೆ. ಇಲ್ಲಿ ಸ್ವೀಡಿಷ್ ಕಲಿತರೆ ಸಾಕು ಎಂದುಕೊಂಡಿದ್ದೆ. ಆದರೆ ಸ್ವೀಡಿಷ್ ಕ್ಲಾಸಿನಲ್ಲಿ ತಿಳಿಯದ ಪದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಹೇಳುತ್ತಿದ್ದರು. ಎಲ್ಲರೂ “ಓ!” ಎನ್ನುತ್ತಿದ್ದರು. ನಾನೂ “ಓ!” ಎನ್ನುತ್ತಿದ್ದೆ.

ಸುತ್ತಮುತ್ತಲಿನ ಕನ್ನಡದವರ ಗುಂಪಿನಲ್ಲಿ ಬೆಂಗಳೂರಿನ ಒಬ್ಬಾಕೆ ಇದ್ದರು. ಎಲ್ಲರಿಗೂ ಅಕ್ಕ. ಯಾರ ಮನೆಯಲ್ಲಿ ಮಗು ಹುಟ್ಟಿದರೂ ಮೊದಲು ಸಾರಿನ ಡಬ್ಬಿ ಹಿಡಿದು ಹೋಗುವವರು ಅವರೇ. ಮಾತು ಮಾತ್ರ ಸ್ವಲ್ಪ ಹರಿತ. ಒಂದು ಸಲ ಹೊಸದಾಗಿ ಬಂದ ಯಾರೋ ಹುಡುಗಿಯ ವಿಷಯ ಎತ್ತಿ, “ಪಾಪ ಕಣೇ, ಅಂಗಡೀಲಿ ಒಂದ್ ಸೆಂಟೆನ್ಸ್ ಇಂಗ್ಲಿಷ್ ಬರಲ್ಲ ಅದಕ್ಕೆ. ಇಂಥೋರನ್ನ ಕರ್ಕೊಂಡ್ ಬಂದು ಗಂಡಂದ್ರು ಏನ್ ಮಾಡ್ತಾರೋ! ನಿಂದು ಇಂಗ್ಲಿಷ್ ಮೀಡಿಯಮ್ಮೇ ಅಲ್ವಾ?” ಎಂದು ನನ್ನ ಕಡೆ ತಿರುಗಿದರು.

“ಹೂಂ ಅಕ್ಕಾ” ಎಂದೆ. ಎರಡೇ ಪದ. ಅಲ್ಲಿಂದ ಮುಂದೆ ಆ ಎರಡು ಪದಗಳನ್ನು ಕಾಯುವುದೇ ನನ್ನ ಕೆಲಸವಾಯಿತು.

ಸ್ಟೇಷನ್ ಹತ್ತಿರದ ಒಂದು ಕಟ್ಟಡದ ನೆಲಮಹಡಿಯಲ್ಲಿ ಸಣ್ಣ ಸಂಘವೊಂದು ಉಚಿತವಾಗಿ ಇಂಗ್ಲಿಷ್ ಹೇಳಿಕೊಡುತ್ತದೆಂದು ಪತ್ತೆ ಮಾಡಿದವರು ನನ್ನ ಗಂಡ. ಯಾರಿಗೂ ಹೇಳಕೂಡದು ಎಂದು ಅವರಿಂದ ಮಾತು ತೆಗೆದುಕೊಂಡು ಸೇರಿದೆ. “ಇದ್ರಲ್ಲಿ ನಾಚ್ಕೊಳ್ಳೋದು ಏನಿದೆಯೇ?” ಎಂದು ಅವರು ನಕ್ಕರು, ಆದರೆ ಮಾತು ಉಳಿಸಿಕೊಂಡರು. ಮಗಳನ್ನು ಡಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಬಿಟ್ಟು ವಾರಕ್ಕೆರಡು ದಿನ ಹೋಗುತ್ತಿದ್ದೆ. ಕ್ಲಾಸಿನಲ್ಲಿ ಆರು ಜನ. ನನ್ನ ಪಕ್ಕದಲ್ಲಿ ಸಿರಿಯಾದ ಒಬ್ಬ ಹಿರಿಯರು ಕೂರುತ್ತಿದ್ದರು. ತಮ್ಮ ಊರಿನಲ್ಲಿ ದರ್ಜಿಯಾಗಿದ್ದವರಂತೆ. ನನ್ನನ್ನು “ಇಂಡಿಯಾ” ಎಂದೇ ಕರೆಯುತ್ತಿದ್ದರು.

ಟೀಚರು ಪುಸ್ತಕ ಇಟ್ಟುಕೊಂಡವರಲ್ಲ. ಹಬ್ಬ ಇಟ್ಟುಕೊಂಡು ಕಲಿಸುತ್ತಿದ್ದರು. ಫೆಬ್ರವರಿ ಮುಗಿಯುತ್ತಿದ್ದಂತೆ ಅವರ ಊರಿನ ದೊಡ್ಡ ಹಬ್ಬ ಶುರುವಾಯಿತು. ಮಾರ್ಚ್ ಹದಿನೇಳರಂದು ಬರುವ ಸಂತ ಪ್ಯಾಟ್ರಿಕ್ಕನ ಹಬ್ಬ. ಹಸಿರು ಕಾಗದದ ಚೂರುಗಳಲ್ಲಿ ಒಂದೊಂದು ಪದ ಬರೆದು ಗೋಡೆಗೆ ಅಂಟಿಸಿದರು. ಸೇಂಟ್, ಪರೇಡ್, ಲಕ್, ಬ್ಲೆಸಿಂಗ್, ಶ್ಯಾಮ್‌ರಾಕ್. “ಸೇಂಟ್” ಎಂದರೆ ಸಂತ, “ಸೆಂಟ್” ಎಂದರೆ ಕಳಿಸಿದ, ಎರಡೂ ನನ್ನ ಬಾಯಲ್ಲಿ ಒಂದೇ ಆಗುತ್ತಿತ್ತು. ಸಂತನನ್ನು ಅಂಚೆಯಲ್ಲಿ ಕಳಿಸಿಬಿಟ್ಟೆಯಲ್ಲ ಎಂದು ಟೀಚರು ನಗುತ್ತಿದ್ದರು, ನಮಗೂ ನಗು ಬರುತ್ತಿತ್ತು. ಅವರ ನಗುವಿನಲ್ಲಿ ಯಾರೂ ಚಿಕ್ಕವರಾಗುತ್ತಿರಲಿಲ್ಲ. ತಾವು ಹೊಸದಾಗಿ ಬಂದಾಗ ಅಂಗಡಿಯಲ್ಲಿ ಸ್ವೀಡಿಷಿನಲ್ಲಿ ಒಂದು ಕೇಳಿ ಇನ್ನೊಂದು ತಂದದ್ದು, ಅತ್ತೆ ಮನೆಯವರೆಲ್ಲ ಊಟದ ಮೇಜಿನಲ್ಲಿ ಬಿದ್ದು ಬಿದ್ದು ನಕ್ಕದ್ದು, ತಾವು ಎದ್ದು ಹೋಗಿ ಕೋಟು ನೇತುಹಾಕುವ ಜಾಗದಲ್ಲಿ ನಿಂತು ಅತ್ತದ್ದು... ಇದನ್ನೆಲ್ಲ ಬೇರೆ ಯಾರದೋ ಕಥೆಯಂತೆ ಹೇಳುತ್ತಿದ್ದರು.

ಶ್ಯಾಮ್‌ರಾಕ್ ಎಂದರೆ ಮೂರೆಲೆಯ ಸಣ್ಣ ಗಿಡ. ಒಂದೇ ದೇಟಿನಲ್ಲಿ ಮೂರು ಎಲೆ ತೋರಿಸಿ, ದೇವರೂ ಹೀಗೆಯೇ ಮೂರು ರೂಪದಲ್ಲಿದ್ದರೂ ಒಬ್ಬನೇ ಎಂದು ಆ ಸಂತ ಜನರಿಗೆ ತಿಳಿಸಿದನಂತೆ. ನಾನು ಫೋನಿನಲ್ಲಿ ಬಿಲ್ವಪತ್ರೆಯ ಚಿತ್ರ ತೆಗೆದು ಮೆಲ್ಲಗೆ ಮುಂದೆ ಹಿಡಿದೆ. ಟೀಚರು ಕನ್ನಡಕ ಮೇಲೆತ್ತಿ ಬಹಳ ಹೊತ್ತು ನೋಡಿದರು. ಮತ್ತೆ ಅದೇ ಸಂತ ಐರ್ಲೆಂಡಿನ ಹಾವುಗಳನ್ನೆಲ್ಲ ಸಮುದ್ರಕ್ಕೆ ಓಡಿಸಿದ ಕಥೆ ಹೇಳಿದರು. ಅದನ್ನು ಕೇಳುತ್ತಿದ್ದ ಹಾಗೆ ಏನಾಯಿತೋ, ಮನಸ್ಸಿನಲ್ಲಿ ಒಮ್ಮೆಯೂ ಜೋಡಿಸಿಕೊಳ್ಳದ ವಾಕ್ಯ ನನ್ನ ಬಾಯಿಂದ ಹೊರಟಿತು: “ಟೀಚರ್, ಇನ್ ಅವರ್ ಪ್ಲೇಸ್, ವಿ ಗಿವ್ ಮಿಲ್ಕ್ ಟು ಸ್ನೇಕ್.”

ಟೀಚರು ಮೇಜು ಬಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಹಾಗಾದರೆ ನಮ್ಮ ಹಾವುಗಳೆಲ್ಲ ನಿಮ್ಮಮ್ಮನ ಮನೆಗೇ ಹೋಗಿರಬೇಕು!” ಎಂದರು. ನನ್ನ ಇಪ್ಪತ್ತೆಂಟು ವರ್ಷದಲ್ಲಿ ನಾನಾಗಿ ಆಡಿದ ಮೊದಲ ಇಂಗ್ಲಿಷ್ ವಾಕ್ಯ ಅದು.

ಆ ವರ್ಷ ಹಬ್ಬದ ದಿನ ಕ್ಲಾಸಿನಲ್ಲೇ ಒಂದು ಸಣ್ಣ ಕಾರ್ಯಕ್ರಮ ಇಟ್ಟರು. ಜನ ಸಾಲದೆಂದು ಕ್ಲಾಸು ನಿಲ್ಲಿಸುವ ಯೋಚನೆಯಲ್ಲಿದ್ದ ಸಂಘದವರೂ ಅಂದು ನೋಡಲು ಬರುವವರಿದ್ದರು. “ನೀನೇ ಮಾತಾಡಬೇಕು, ಹಾವಿನದೇ ಹೇಳು. ಅದನ್ನು ಕೇಳಿದ ಮೇಲೂ ಅವರು ಕ್ಲಾಸು ಮುಚ್ಚಲಿ, ನೋಡೋಣ” ಎಂದರು ಟೀಚರು. ಇಬ್ಬರೂ ಕೂತು ಹನ್ನೆರಡು ವಾಕ್ಯ ಬರೆದೆವು. ನಾಗರ ಪಂಚಮಿಯಂದು ಅಮ್ಮ ಹುತ್ತಕ್ಕೆ ಹಾಲೆರೆಯುವುದು, ನಾನು ಅವಳ ಸೆರಗಿನ ಹಿಂದೆ ಅವಿತು ನೋಡುವುದು. ಪಾತ್ರೆ ತೊಳೆಯುವಾಗ, ಮಗಳನ್ನು ಡಾಗಿಸ್‌ಗೆ ಬಿಟ್ಟು ಬರುವಾಗ, ಎರಡು ವಾರ ಅದನ್ನೇ ಗುನುಗಿದೆ. ಎಲ್ಲರೂ ಏನಾದರೂ ಹಸಿರು ತಿಂಡಿ ತರಬೇಕಿತ್ತು. ನಾನು ಹಸಿರು ಬಣ್ಣ ಹಾಕಿ ಕೊಬ್ಬರಿ ಮಿಠಾಯಿ ಮಾಡಿದೆ.

ಅಂದು ಡಬ್ಬಿ ಹಿಡಿದು ಹೋದಾಗ ಬಾಗಿಲಿನ ಗಾಜಿನಿಂದ ಒಳಗೆ ಕಾಣುತ್ತಿತ್ತು. ಸಂಘದ ಇಬ್ಬರು ಮುಂದೆ ಕೂತಿದ್ದರು. ಟೀಚರು ಹಸಿರು ಸ್ವೆಟರ್ ತೊಟ್ಟು, ಕ್ಲಾಸಿಗೆ ಆಗಾಗ ತರುತ್ತಿದ್ದ ಸೋಡಾ ಬ್ರೆಡ್ಡನ್ನೇ ಕೊಯ್ಯುತ್ತಿದ್ದರು. ಎರಡನೆಯ ಸಾಲಿನಲ್ಲಿ, ಪಕ್ಕಕ್ಕೆ ಮಗುವಿನ ಗಾಡಿ ನಿಲ್ಲಿಸಿಕೊಂಡು, ನಮ್ಮ ಕನ್ನಡದ ಅಕ್ಕ ಕೂತಿದ್ದರು.

ಯಾರು ಬೇಕಾದರೂ ಬರಬಹುದು ಎಂದು ಹೊರಗೆ ಚೀಟಿ ಅಂಟಿಸಿದ್ದರು, ಅದನ್ನು ನೋಡಿ ಬಂದಿದ್ದರೋ ಏನೋ. ನಾನು ಬಾಗಿಲ ಹಿಡಿಕೆಯಿಂದ ಕೈ ತೆಗೆದೆ. ಒಳಗೆ ಹೋಗಿ “ನಾನೂ ನೋಡೋಕೆ ಬಂದೆ ಅಕ್ಕಾ” ಎನ್ನಬಹುದಿತ್ತು. ಆದರೆ ಟೀಚರು “ನಮ್ಮ ವಿದ್ಯಾರ್ಥಿನಿ” ಎಂದು ಕರೆಯುತ್ತಾರಲ್ಲ... ತಿರುಗಿ ಸ್ಟೇಷನ್ನಿಗೆ ನಡೆದೆ. ಪ್ಲಾಟ್‌ಫಾರಂನ ಬೆಂಚಿನ ಮೇಲೆ ಡಬ್ಬಿ ತೊಡೆಯಲ್ಲಿಟ್ಟುಕೊಂಡು ಕೂತೆ. ಎಷ್ಟು ರೈಲು ಬಂದು ಹೋದವೋ. ಕೋಟಿನ ಜೇಬಿನಲ್ಲಿ ಫೋನು ಎರಡು ಸಲ ನಡುಗಿತು, ತೆಗೆಯಲಿಲ್ಲ. ಆ ಹನ್ನೆರಡು ವಾಕ್ಯಗಳು ಒಂದೂ ತಪ್ಪದೆ ತಲೆಯಲ್ಲಿ ಓಡುತ್ತಿದ್ದವು. ನಾಚಿಕೆಯೆಂದರೆ ಅದು.

ಮನೆಗೆ ಬಂದ ಮೇಲೆ ಟೀಚರ ಮೆಸೇಜು ನೋಡಿದೆ. ಕ್ಷೇಮವಾಗಿದ್ದೀಯಾ ಎಂದಷ್ಟೇ ಇತ್ತು. “ಮಗಳಿಗೆ ಜೋರು ಜ್ವರ” ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಅವರು ಕಲಿಸಿದ ಇಂಗ್ಲಿಷಿನಲ್ಲೇ, ವ್ಯಾಕರಣ ಸರಿಯಾಗಿದೆಯೇ ಎಂದು ಎರಡು ಸಲ ನೋಡಿಕೊಂಡು. ಚೆನ್ನಾಗಿರುವ ಮಗುವಿನ ಮೇಲೆ ಕಾಯಿಲೆ ಹಾಕಿ ಮಾತಾಡಬಾರದು ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಅದೂ ಆ ಹೊತ್ತಿಗೆ ನೆನಪಾಗಲಿಲ್ಲ.

ಮರುದಿನ ಸಂಜೆ ಬಾಗಿಲ ಬೆಲ್ ಆಯಿತು. ನಾನು ಅಡಿಗೆಮನೆಯಿಂದ ಬರುವಷ್ಟರಲ್ಲಿ ಗಂಡ ಬಾಗಿಲು ತೆಗೆದಿದ್ದರು. ಟೀಚರು ನಿಂತಿದ್ದರು. ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ, ಮಗುವಿಗೆಂದು ಬರೆದ ಒಂದು ಕಾರ್ಡು. ಅವರೆದುರಿಗೇ ನನ್ನ ಮಗಳು ನಡುಮನೆಯ ಈ ತುದಿಯಿಂದ ಆ ತುದಿಗೆ ಕಿರುಚಿಕೊಂಡು ಓಡುತ್ತಿದ್ದಳು. ಕೆನ್ನೆ ಕೆಂಪಗಿತ್ತು, ಆಟದಿಂದ.

ಟೀಚರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ಗಂಡನಿಗೆ ಜ್ವರದ ಕಥೆ ಗೊತ್ತಿರಲಿಲ್ಲ, ಅವರು ಸುಮ್ಮನೆ ನಗುತ್ತ ನಿಂತಿದ್ದರು. ಟೀಚರು ಕಷ್ಟಪಟ್ಟು ಮಂಡಿಯೂರಿ ಕೂತು ಕಾರ್ಡನ್ನು ಮಗಳ ಕೈಗೆ ಕೊಟ್ಟು, “ಈಗ ಆರಾಮಾ ಪುಟ್ಟಿ?” ಎಂದು ಕೇಳಿದರು. ಗೋಡೆ ಹಿಡಿದು ಎದ್ದವರು ನನಗೆ ಹೇಳಿದ್ದು ಒಂದೇ ಮಾತು:

“ಬೇಗ ಇಳಿಯಿತಲ್ಲ, ಒಳ್ಳೆಯದಾಯಿತು. ಮಕ್ಕಳ ಜ್ವರ ಹೀಗೇ.”

ಕಾಫಿಗೆ ಕರೆದೆ. ಬಸ್ಸಿದೆ ಎಂದು ಹೊರಟುಬಿಟ್ಟರು. ಬೈದಿದ್ದರೆ ಆಗಲೇ ಅತ್ತು, ತಪ್ಪು ಒಪ್ಪಿಕೊಂಡು ಬಿಡುತ್ತಿದ್ದೆನೇನೋ.

ಮತ್ತೆ ನಾನು ಕ್ಲಾಸಿಗೆ ಹೋಗಲಿಲ್ಲ. ಮೇ ತಿಂಗಳಲ್ಲಿ ಕ್ಲಾಸು ನಿಂತಿತು ಎಂದು ಬಾಗಿಲ ಮೇಲಿನ ಚೀಟಿ ನೋಡಿ ತಿಳಿಯಿತು. ನಾನೊಬ್ಬಳು ಮಾತಾಡಿದ್ದರೆ ಉಳಿಯುತ್ತಿತ್ತೆಂದು ಹೇಳಲಾರೆ. ಉಳಿಯುತ್ತಿರಲಿಲ್ಲ ಎಂದು ಹೇಳುವ ಧೈರ್ಯವೂ ಇಲ್ಲ. ಆಮೇಲೆ ಎರಡು ಸಲ ಟೀಚರನ್ನು ದೂರದಿಂದ ಕಂಡೆ. ಎರಡು ಸಲವೂ ಸ್ಟೇಷನ್ನಿನ ಇನ್ನೊಂದು ಬಾಗಿಲಿನಿಂದ ಹೊರಗೆ ಹೋದೆ. ಇದರ ನಡುವೆ ಒಂದು ದಿನ ನಮ್ಮ ಅಕ್ಕ, “ಸ್ಟೇಷನ್ ಹತ್ರ ಒಂದು ಇಂಗ್ಲಿಷ್ ಕ್ಲಾಸ್ ಇತ್ತು ಕಣೇ, ಎಷ್ಟ್ ಒಳ್ಳೆ ಅಜ್ಜಿ! ನಮ್ಮತ್ತೆ ಬಂದಾಗ ಅಲ್ಲಿಗೇ ಕಳಿಸೋಣ ಅಂತ ವಿಚಾರಿಸೋಕ್ ಹೋಗಿದ್ದೆ. ನಿಂತೇ ಹೋಯ್ತಂತೆ” ಎಂದು ಪೇಚಾಡಿಕೊಂಡರು. “ಹೌದಾ ಅಕ್ಕಾ” ಎಂದೆ.

ನಾವು ಮನೆ ಬದಲಿಸಿದೆವು. ಸ್ವೀಡಿಷ್ ಕೈಗೆ ಬಂತು, ಇಂಗ್ಲಿಷ್ ಅದಕ್ಕಿಂತ ಚೆನ್ನಾಗಿ ಬಂತು, ಕೆಲಸವೂ ಸಿಕ್ಕಿತು. ಇಂಟರ್ವ್ಯೂನಲ್ಲಿ ಒಬ್ಬರು, ನಿನ್ನ ಇಂಗ್ಲಿಷಿನಲ್ಲಿ ಎಲ್ಲೋ ಐರಿಷ್ ರಾಗ ಕೇಳಿಸುತ್ತದಲ್ಲ ಎಂದರು. ನಾನು ನಕ್ಕು ಮಾತು ಬದಲಿಸಿದೆ.

ಆಫೀಸಿನಲ್ಲಿ ಆ ಬ್ರೆಡ್ ತಿಂದ ವಾರವೇ, ಶನಿವಾರ, ಸುಂಡ್‌ಬೀಬರ್ಯ್‌ಗೆ ಹೋದೆ. ಟೀಚರನ್ನು ಹುಡುಕಿ ನಿಜ ಹೇಳಿಬಿಡಬೇಕು ಎಂದು ಹೊರಟಿದ್ದೆ. ಕ್ಲಾಸಿದ್ದ ಜಾಗದಲ್ಲಿ ಈಗ ಕೂದಲು ಕತ್ತರಿಸುವ ಅಂಗಡಿ. ಚೌಕದ ಬೆಂಚಿನಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದ ಮುದುಕರೊಬ್ಬರು “ಇಂಡಿಯಾ!” ಎಂದು ಕೂಗಿದರು. ಸಿರಿಯಾದ ಅದೇ ಹಿರಿಯರು.

ನಾನು ಟೀಚರ ವಿಷಯ ಕೇಳಿದೆ. ಅವರು ತಮ್ಮ ಮುರುಕು ಇಂಗ್ಲಿಷಿನಲ್ಲಿ, ನಡುನಡುವೆ ಸ್ವೀಡಿಷ್ ಸೇರಿಸಿ ಹೇಳಿದರು. ಕ್ಲಾಸು ನಿಂತ ಮೂರನೆಯ ವರ್ಷಕ್ಕೆ ಟೀಚರಿಗೆ ಮರೆವು ಹತ್ತಿತಂತೆ. ಐವತ್ತು ವರ್ಷ ಆಡಿದ ಸ್ವೀಡಿಷ್ ಮೊದಲು ಹೋಯಿತು, ಹುಟ್ಟೂರಿನ ಇಂಗ್ಲಿಷ್ ಮಾತ್ರ ಉಳಿಯಿತು. ಅವರನ್ನು ಸೇರಿಸಿದ್ದ ವೃದ್ಧರ ಮನೆಯಲ್ಲಿ ನೋಡಿಕೊಳ್ಳುವ ಹುಡುಗಿಯರು ಒಳ್ಳೆಯವರೇ, ಆದರೆ ಅವರಿಗೆ ಕೆಲಸ ಇರುತ್ತದಲ್ಲ. ಬಾಗಿಲ ಮುಂದೆ ಯಾರು ಹಾದರೂ ಬಂದು ಕೂತುಕೋ, ಮಾತಾಡು ಎನ್ನುತ್ತಿದ್ದರಂತೆ. ಈ ಹಿರಿಯರು ಪ್ರತಿ ಭಾನುವಾರ ಹೋಗಿ ಕೂರುತ್ತಿದ್ದರು.

“ಮೈ ಇಂಗ್ಲಿಷ್ ಸ್ಮಾಲ್,” ಎಂದರು ಅವರು, ಎರಡು ಬೆರಳ ನಡುವೆ ಅಳತೆ ತೋರಿಸಿ. “ಬಟ್ ಶಿ ಹ್ಯಾಪಿ.”

“ಈ ಭಾನುವಾರ ನಾನೂ ಬರಲಾ?” ಎಂದೆ.

ಅವರು ಇಲ್ಲವೆಂದು ತಲೆಯಾಡಿಸಿದರು. ಟೀಚರು ಜನವರಿಯಲ್ಲೇ ತೀರಿಕೊಂಡರಂತೆ. ಹಿಮ ಬೀಳುತ್ತಿತ್ತಂತೆ, ಮಣ್ಣಿಗೆ ಏಳೆಂಟು ಜನ ಬಂದಿದ್ದರಂತೆ.

ನಾನು ಬೆಂಚಿನಲ್ಲಿ ಅವರ ಪಕ್ಕ ಕೂತೆ. ಅವರೇ ಕೇಳಿದರು, ನೀನು ದೂರ ಹೋಗಿಬಿಟ್ಟೆ ಎಂದುಕೊಂಡಿದ್ದೆ, ಈಗ ಯಾವ ಊರಿನಲ್ಲಿದ್ದೀಯ ಎಂದು. ನಮ್ಮ ಬಡಾವಣೆಯ ಹೆಸರು ಹೇಳಿದೆ. ಅವರು ರೈಲಿನ ದಾರಿಯನ್ನು ಮನಸ್ಸಿನಲ್ಲೇ ಎಣಿಸಿದರು. ಟೀಚರು ಇದ್ದ ವೃದ್ಧರ ಮನೆಯಿಂದ ಅಲ್ಲಿಗೆ.

“ಟೂ ಸ್ಟೇಷನ್,” ಎಂದರು.

ಅದರಲ್ಲಿ ಆಕ್ಷೇಪವಿರಲಿಲ್ಲ, ದಾರಿ ಹೇಳುವವರ ದನಿಯಷ್ಟೇ ಇತ್ತು.

“ಹೌದು,” ಎಂದೆ. “ಎರಡೇ ಸ್ಟೇಷನ್.”