ತೊಂಬತ್ತು ನಿಮಿಷ ಹಿಂದಕ್ಕೆ

ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಒಂದು ಸಾಲು ಆಜ್ಞೆ ಬರೆದರೆ ಎಷ್ಟುದ್ದದ ವಿಡಿಯೋ ಆದರೂ ಹಿಮ್ಮುಖವಾಗಿ ಓಡತೊಡಗುತ್ತದೆ ಎಂದು ಹೇಳುವವರಿದ್ದಾರೆ. ನನ್ನ ನೆಂಟರಂತೂ ಕುದ್ರೋಳಿಯಿಂದ ಜೆಪ್ಪುವಿನವರೆಗೆ ಇದನ್ನೇ ಸಾರಿಕೊಂಡು ಬರುತ್ತಿದ್ದಾರೆ: ಹುಡುಗಿ ಒಂದು ಸಾಲು ಕುಟ್ಟಿದಳು, ವಾಸು ಮಾವನ ದೋಣಿಯ ಎಂಜಿನ್ ಕೂಡಿಕೊಂಡಿತು! ಎದುರಾಳಿಯ ಮೊದಲ ವಾಕ್ಯವನ್ನೇ ಹಿಡಿದು ಜಗ್ಗಲು ಚರ್ಚಾಸ್ಪರ್ಧೆಗಳಲ್ಲಿ ಕಲಿತ ನನಗೆ, ಹೊಗಳಿಕೆಯೇ ಆದರೂ ಇದನ್ನು ಸುಮ್ಮನೆ ನುಂಗಲಾಗದು.

ನಡೆದದ್ದು ಇಷ್ಟು. ನನ್ನ ಅಮ್ಮನ ಅಣ್ಣ ವಾಸು ಮಾವ ಮಳೆಗಾಲದ ಬಿಡುವಿನಲ್ಲಿ ದೋಣಿಯ ಎಂಜಿನನ್ನು ಅಂಗಳದಲ್ಲಿಟ್ಟು ಪೂರ್ತಿ ಬಿಚ್ಚಿ ತೊಳೆದರು. ತೊಂಬತ್ತು ನಿಮಿಷದ ಆ ಬಿಚ್ಚಾಟವೆಲ್ಲ ಮೊಬೈಲಿನಲ್ಲಿ ದಾಖಲಾಗಿತ್ತು. ಮೊಬೈಲ್ ಇಟ್ಟದ್ದೆಲ್ಲ ತನ್ನ ಹೆಂಡತಿ ಸುಮತಿ ಅತ್ತೆಯ ಹುಚ್ಚು ಎಂದು ಮಾವ ನಗುತ್ತಿದ್ದರು. "ನನಗೆ ವಿಡಿಯೋ ಎಂತಕ್ಕೆ? ಈ ಕೈಗೆ ಎಲ್ಲ ಗೊತ್ತುಂಟು" ಎಂಬುದು ಅವರ ಘೋಷಣೆ. ಹತ್ತು ದಿನ ಬಿಟ್ಟು ಜೋಡಿಸಲು ಕುಳಿತಾಗ ಕೈಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನಾಲ್ವರನ್ನು ಹೊತ್ತು ದೋಣಿ ಕಡಲಿಗಿಳಿಯಬೇಕು. ಎಂಜಿನ್ ಮಾತ್ರ ಚಾಪೆಯ ತುಂಬ ಚೆಲ್ಲಾಪಿಲ್ಲಿ.

ಇದ್ದ ವಿಡಿಯೋವನ್ನೇ ನೋಡಿ ಮನಸ್ಸಿನಲ್ಲೇ ತಿರುಗಿಸಿಕೊಳ್ಳಬಾರದೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ.

"ನಿನಗೆ ಬರ್ತದಾದರೆ ಬಾ, ಕೂತುಕೋ" ಎಂದು ಮಾವ ಸ್ಪ್ಯಾನರ್ ಚಾಚಿದರು. ವಾದದಲ್ಲಿ ಅಷ್ಟು ಶೀಘ್ರವಾಗಿ ನಾನು ಸೋತದ್ದಿಲ್ಲ.

ಹೀಗೆ ನಾನು ಆ ಸುಪ್ರಸಿದ್ಧ ಒಂದು ಸಾಲನ್ನು ಬರೆದೆ. ಕೊನೆಯ ಚಿತ್ರವನ್ನು ಮೊದಲು ತೋರಿಸಬೇಕಾದರೆ ಕಂಪ್ಯೂಟರು ಮೊದಲಿನಿಂದ ಕೊನೆಯವರೆಗಿನ ಸಮಸ್ತ ಚಿತ್ರಗಳನ್ನೂ ಏಕಕಾಲಕ್ಕೆ ಸ್ಮರಣೆಯಲ್ಲಿ ಹೊರಬೇಕು. ನನ್ನ ಬಡ ಲ್ಯಾಪ್‌ಟಾಪ್ ಕಾಲು ಗಂಟೆ ಬುಸುಗುಟ್ಟಿ, ದೋಸೆ ಹುಯ್ಯುವಷ್ಟು ಬಿಸಿಯಾಗಿ, ಕೊನೆಗೆ ಮೌನವ್ರತ ಹಿಡಿಯಿತು. ಇದಕ್ಕೆ ಪರಿಹಾರ ಉಂಟು: ವಿಡಿಯೋವನ್ನು ನಿಮಿಷಕ್ಕೊಂದರಂತೆ ತುಂಡರಿಸಿ, ಒಂದೊಂದೇ ತುಂಡನ್ನು ತಿರುಗಿಸಿ, ಮತ್ತೆ ಪೋಣಿಸುವುದು. ಪೋಣಿಸಿದೆ. ಆದರೆ 'ಮೊದಲನೆಯದಾಗಿ, ಎರಡನೆಯದಾಗಿ' ಎಂದು ಅಂಕಿ ಹಾಕಿ ಮಾತಾಡುವ ಚಟ ನೋಡಿ, ಒಂದರಿಂದ ತೊಂಬತ್ತರವರೆಗೆ ಕ್ರಮವಾಗಿಯೇ ಪೋಣಿಸಿಬಿಟ್ಟೆ! ಪ್ರತಿ ನಿಮಿಷವೂ ಹಿಂದಕ್ಕೆ ನಡೆಯುತ್ತಿತ್ತು, ನಿಮಿಷಗಳ ಮೆರವಣಿಗೆ ಮಾತ್ರ ಮುಂದಕ್ಕೆ.

ತೆರೆಯ ಮೇಲೆ ಎಂಜಿನಿನ ಮುಚ್ಚಳ ಬಂದು ಕೂತದ್ದೇ ತಡ, ಮಾವ ಎಣ್ಣೆಗೈಯಿಂದಲೇ ವಿಡಿಯೋ ನಿಲ್ಲಿಸಿದರು. "ಸಾಕು, ಸಾಕು! ಮುಚ್ಚಳವನ್ನೇ ಮೊದಲು ಹಾಕಿದರೆ ಒಳಗಿನದ್ದನ್ನೆಲ್ಲ ಎಲ್ಲಿ ಹಾಕುವುದು ಮಾರಾಯ್ತಿ?"

"ಕಾಲೇಜಿನವರು ಕಪ್ ಕೊಟ್ಟದ್ದು ಈ ಬುದ್ಧಿಗಾ?" ಎಂದು ಅತ್ತೆ ಒಳಗಿನಿಂದಲೇ ತೀರ್ಪಿತ್ತರು.

ತೊಂಬತ್ತರಿಂದ ಒಂದಕ್ಕೆ ಮರುಪೋಣಿಸಿದ ಮೇಲೆ ಚಾಪೆಯ ಮೇಲಿನ ವಾಷರುಗಳು ಹಾರಿಬಂದು ತಂತಮ್ಮ ಸ್ಥಾನಗಳಲ್ಲಿ ವಿರಾಜಮಾನವಾದವು. ನಾನು ನಿಲ್ಲಿಸುವುದು, ಮಾವ ಜೋಡಿಸುವುದು, ಮತ್ತೆ ಓಡಿಸುವುದು; ಹೀಗೆ ಸಂಜೆಯೊಳಗೆ ಎಂಜಿನ್‌ಗೆ ಆಕಾರ ಬಂತು. ನೀರು ತುಂಬಿದ ಡ್ರಮ್ಮಿನ ಅಂಚಿಗೆ ಅದನ್ನು ಸಿಕ್ಕಿಸಿ ಮಾವ ಹಗ್ಗ ಎಳೆದರು. ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಮೂರನೆಯ ಸಲ ಹಿಡಿದುಕೊಂಡಿತು. ಆ ಗದ್ದಲದಷ್ಟು ನೆಮ್ಮದಿಯ ಸದ್ದನ್ನು ನಾನು ಕೇಳಿಲ್ಲ. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಚಹಾಕ್ಕೆ ಇಟ್ಟರು.

ಅತ್ತ ವಿಡಿಯೋ ಇನ್ನೂ ಓಡುತ್ತಿತ್ತು. ಅದರ ಆರಂಭವನ್ನು ನಾವ್ಯಾರೂ ನೋಡಿರಲಿಲ್ಲ. ಈಗ ಅದೇ ಅಂತ್ಯವಾಗಿ ಬಂತು. ಮಾವ ಹಿಂದು ಹಿಂದಕ್ಕೆ ನಡೆದು ಬಂದು, ಮೊಬೈಲಿನತ್ತ ತಿರುಗಿ, ಅಡುಗೆಮನೆಯ ಕಡೆ ಒಮ್ಮೆ ಕಳ್ಳನೋಟ ಬೀರಿ, ಎಣ್ಣೆಡಬ್ಬಿಗೆ ಒರಗಿಸಿದ್ದ ಅದನ್ನು ತಾವೇ ಕೈಗೆತ್ತಿಕೊಂಡರು; ಅಂದರೆ ಅಲ್ಲಿ ಇಟ್ಟವರೂ ಅವರೇ. ಅತ್ತೆ ಎಲ್ಲಿಯೂ ಇರಲಿಲ್ಲ.

ತನ್ನ ಮರೆವಿಗೆ ಗುಟ್ಟಾಗಿ ಮೊದಲೇ ವ್ಯವಸ್ಥೆ ಮಾಡಿಟ್ಟ ಮನುಷ್ಯನ ಬಗ್ಗೆ ಚಿಂತೆಪಡಬೇಕೋ ನಿಶ್ಚಿಂತಳಾಗಬೇಕೋ? ನಾನು ಎರಡನೆಯ ಪಕ್ಷ ವಹಿಸಿದೆ. ಆದರೂ ಕೆಟ್ಟ ಚಾಳಿ ಬಿಡಬೇಕಲ್ಲ; ಎಂಜಿನ್ನಿನ ಸದ್ದನ್ನೂ ಮೀರಿಸಿ ಕೂಗಿ ಕೇಳಿದೆ:

"ಮಾವಾ, ಕೈಗೆ ನೆನಪಿರುವುದಿಲ್ಲ ಅಂತ ಬಿಚ್ಚುವ ಮೊದಲೇ ನಿಮಗೆ ಗೊತ್ತಿತ್ತಾ?"